ಹನಿ ಬೀಳೆಕ್ಕು, ಆದರೆ ಲೆಕ್ಕಲ್ಲಿ

ಎಂಗಳ ದೋಣಿಯ ಅಡಿಲಿ ಒಂದು ಒಟ್ಟೆ ಇದ್ದು. ಪೆಟ್ಟಾಗಿ ಆದ ಒಟ್ಟೆ ಅಲ್ಲ, ಹುಳು ತಿಂದದೂ ಅಲ್ಲ. ದೋಣಿ ಕಟ್ಟುವಗಳೇ ಬೇಕು ಹೇಳಿ ಮಡಗಿದ್ದು. ಅದು ನೀರಿನ ಮಟ್ಟಂದ ಕೆಳ ಇದ್ದು, ಅದರ ಒಳಂಗೆ ಒಂದು ಸ್ಟೀಲಿನ ಸರಳು ತಿರುಗಿಯೊಂಡಿರ್ತು, ಅಲ್ಲಿಂದ ರಜ ರಜ ನೀರೂ ಒಳ ಬತ್ತು. ಇದರ ಊರಿಲಿ ಹೇಳಿರೆ ಎಲ್ಲೋರೂ ಎದೆಗೆ ಕೈ ಮಡುಗುತ್ತವು. "ಒಟ್ಟೆ ದೋಣಿಲಿ ಸಮುದ್ರಕ್ಕೆ ಹೋಪದಾ? ಅದರ ಒಂದರಿ ಮುಚ್ಚುಸಲೆ ಆವ್ತಿಲ್ಲೆಯಾ?" ಹೇಳಿ ಅತ್ತೆ ಫೋನು ಮಾಡಿದಷ್ಟು ಸರ್ತಿಯೂ ಕೇಳ್ತವು. ಎರಡು ನಿಮಿಷದ ಫೋನಿಲಿ ಹೇಳಿ ಮುಗಿವ ವಿಷಯ ಅಲ್ಲ ಇದು. ಹಾಂಗಾಗಿ ಒಂದರಿ ಕೂದು ಬರದೇ ಬಿಡುವ ಹೇಳಿ ಕಂಡತ್ತು.

ಎಂಗೊ ಇಪ್ಪದು ನ್ಯೂಜಿಲೇಂಡಿನ ಆಕ್ಲೆಂಡಿಲಿ. ಹಾಯಿಗಳ ಪೇಟೆ ಹೇಳಿಯೇ ಈ ಊರಿಂಗೆ ಹೆಸರು. ಹದಿನಾಲ್ಕು ವರ್ಷ ಹಿಂದೆ ಇವು ಒಂದು ಹಳೆ ಹಾಯಿದೋಣಿ ತೆಗದವು. 31 ಅಡಿ ಉದ್ದ, ಫೈಬರಿಂದು. ಒಳ ನಾಲ್ಕು ಜೆನ ಮನುಗುಲಕ್ಕು, ಒಂದು ಸಣ್ಣ ಒಲೆ ಇದ್ದು, ಅಶನ ಸಾರು ಮಾಡ್ಲಕ್ಕು. ಹಾಯಿದೋಣಿಗೆ ಎಂಜಿನು ಎಂತಕೆ ಹೇಳಿ ಕೇಳ್ತವು ಕೆಲವು ಜೆನ. ಗಾಳಿ ನಾವು ಹೇಳಿದಾಂಗೆ ಕೇಳ್ತಿಲ್ಲೆ ಇದಾ. ದಕ್ಕೆಗೆ ಬಪ್ಪಗ, ಗಾಳಿ ಬಿದ್ದಪ್ಪಗ, ಇಳಿತದ ನೀರು ಎದುರಂದ ನೂಕುವಗ ಎಂಜಿನು ಬೇಕೇ ಬೇಕು. ಎಂಗಳದ್ದು ಮೂರು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನು. ಕೆಳ ಇಳಿವ ಮೆಟ್ಲಿನ ಹಿಂದೆ ಒಂದು ಪೆಟ್ಟಿಗೆಯೊಳ ಕೂದೊಂಡಿದ್ದು.

ಎಂಜಿನು ಒಳ, ನೀರಿನ ದೂಡುವ ಪಂಕ ಹೆರ. ಆ ಪಂಕಕ್ಕೆ ಪ್ರೊಪೆಲ್ಲರು ಹೇಳ್ತವು. ಒಳಾಣ ಶಕ್ತಿ ಹೆರಾಣ ಪಂಕಕ್ಕೆ ಎತ್ತೆಕ್ಕಾದರೆ ನೆಡುಕೆ ಒಂದು ಸರಳು ಬೇಕು, ಅದುವೇ ಶಾಫ್ಟು. ಎಂಗಳ ದೋಣಿದು ಒಂದು ಇಂಚು ದಪ್ಪ. ಎಂಜಿನು ನಿಮಿಷಕ್ಕೆ 2400 ಸುತ್ತು ತಿರುಗುವಗ ಗೇರ್‌ಬಾಕ್ಸು ಅದರ ಅರ್ಧಕ್ಕೆ ಇಳಿಶಿ ಶಾಫ್ಟಿಂಗೆ ಕೊಡ್ತು. ಹೇಳಿರೆ ನಿಮಿಷಕ್ಕೆ 1200 ಸುತ್ತು, ಒಂದು ಸೆಕೆಂಡಿಂಗೆ ಇಪ್ಪತ್ತು. ಆಡದ್ದೆ ಕೂದ ವಸ್ತುವಿನ ಸುತ್ತ ಇಪ್ಪ ಸಂದಿಯ ಮುಚ್ಚುದು ಸುಲಾಬ. ಸೆಕೆಂಡಿಂಗೆ ಇಪ್ಪತ್ತು ಸುತ್ತು ಬಪ್ಪ ಸರಳಿನ ಸುತ್ತ ಮುಚ್ಚುದು ಹೇಂಗೆ? ಬಿಗಿ ಹಿಡುದರೆ ತಿಕ್ಕಿ ಬೆಶಿ ಆವ್ತು. ಸಡಿಲ ಬಿಟ್ರೆ ಸಮುದ್ರ ಒಳ ಬತ್ತು. ಈ ಎರಡರ ನೆಡುಕೆ ಒಂದು ಸಪೂರ ದಾರಿ ಇದ್ದು, ಅದರಲ್ಲಿಯೇ ನೆಡೆಕ್ಕು.

ಇದು ನಿಂಗೊಗೆ ಗೊಂತಿಪ್ಪ ವಿಷಯವೇ. ಮದಲು ಕೆರೆ ಕರೆಲಿ ತೋಟಕ್ಕೆ ನೀರು ಬಿಡ್ಲೆ ಡೀಸೆಲ್ ಪಂಪು ಇತ್ತಲ್ಲದಾ? ಅದರ ಶಾಫ್ಟು ಪಂಪಿನೊಳಂಗೆ ಹೋಪಲ್ಲಿ ಎರಡು ನಟ್ಟು ಹಾಕಿದ ಒಂದು ಬಿಲ್ಲೆ, ಅದರ ಹಿಂದೆ ಸುತ್ತಿ ತುಂಬುಸಿದ ದಾರ. ಗ್ಲೇಂಡು ದಾರ ಹೇಳಿ ಪೇಟೆಂದ ತಪ್ಪದು. ಮೇಣ, ಗ್ರೀಸು ಕುಡುದು ಮೆತ್ತಂಗೆ ಇಕ್ಕು, ದೀಪದ ನೆಣೆ ನಾಲ್ಕು ಸೇರ್ಸಿ ಹೆಣದ ಹಾಂಗೆ. ಪಂಪು ಓಡುವಗ ಅಲ್ಲಿಂದ ಟಪ್ ಟಪ್ ಹೇಳಿ ಹನಿ ಬೀಳುಗು. ಆ ಜಾಗೆಲಿ ಯೇವಗಳೂ ಪಾಚಿ, ಕರೆಲಿ ಒಂದು ಕೆಸವಿನ ಗೆಡು. ಹೊಸ ಕೆಲಸದವು ಆರಾರು ಬಂದು ನಟ್ಟು ಬಿಗಿ ಮಾಡಿ ಹನಿ ನಿಲ್ಸಿರೆ ಅಪ್ಪಂಗೆ ಕೋಪ ಬಕ್ಕು. "ಅದು ಸೋರುದಲ್ಲ, ಪಂಪು ನೀರು ಕುಡಿವದು" ಹೇಳಿ ತಾನೇ ಹೋಗಿ ಕಾಲು ಸುತ್ತು ಸಡಿಲ ಮಾಡುಗು. ಎನಗೆ ಆ ಮಾತಿನ ಅರ್ಥ ಆದ್ದು ಮೂವತ್ತೈದು ವರ್ಷ ಕಳುದ ಮೇಲೆ, ಭೂಮಿಯ ಇನ್ನೊಂದು ಹೊಡೆಲಿ.

ದೋಣಿಲಿಯೂ ಅದೇ ಏರ್ಪಾಡು. ಶಾಫ್ಟು ಹೆರ ಹೋಪಲ್ಲಿ ಒಂದು ಪೈಪು ಇದ್ದು, ಸ್ಟರ್ನ್ ಟ್ಯೂಬು ಹೇಳಿ. ಅದರ ಒಳಾಣ ಕೊಡಿಲಿ ಗ್ಲೇಂಡು, ಹೆರಾಣ ಕೊಡಿಲಿ ಒಂದು ಬುಶ್ಶು. ನೆಡುಕೆ ಪೈಪಿನೊಳ ಪೂರ ಸಮುದ್ರದ ನೀರು. ಬುಶ್ಶಿನ ಕೆಲಸ ಶಾಫ್ಟಿನ ಅಲ್ಲಾಡದ್ದ ಹಾಂಗೆ ಹಿಡಿವದು. ಗ್ಲೇಂಡಿನ ಕೆಲಸ ನೀರಿನ ತಡವದು.

ಹೆರಾಣ ಬುಶ್ಶಿಂಗೆ ಕಟ್ಲೆಸ್ ಬೇರಿಂಗು ಹೇಳ್ತವು. ಹಿತ್ತಾಳೆಯ ಕೊಳವೆ, ಒಳ ರಬ್ಬರು, ರಬ್ಬರಿಲಿ ಉದ್ದುದ್ದಕೆ ಗೀರು. ಅದಕ್ಕೆ ಎಣ್ಣೆಯೂ ಬೇಡ, ಗ್ರೀಸೂ ಬೇಡ. ಸಮುದ್ರದ ನೀರೇ ಅದಕ್ಕೆ ಎಣ್ಣೆ. ಶಾಫ್ಟು ತಿರುಗುವಗ ಆ ಗೀರಿಲಿಪ್ಪ ನೀರಿನ ತನ್ನೊಟ್ಟಿಂಗೆ ಎಳಕ್ಕೊಂಡು ಹೋವ್ತು. ರಬ್ಬರಿಂಗೂ ಸ್ಟೀಲಿಂಗೂ ನೆಡುಕೆ ಕಾಗದದಷ್ಟೂ ದಪ್ಪ ಇಲ್ಲದ್ದ ನೀರಿನ ಪೊರೆ ಆವ್ತು, ಶಾಫ್ಟು ಆ ಪೊರೆಯ ಮೇಲೆ ತೇಲಿಗೊಂಡೇ ತಿರುಗುತ್ತು. ಹೊಯಿಗೆ ಬಂದರೆ ಗೀರಿಲಿ ಜಾರಿ ಹೆರ ಹೋವ್ತು. ಕಡವ ಕಲ್ಲಿಲಿ ನೀರು ಹಾಕದ್ದೆ ಅಕ್ಕಿ ಕಡದರೆ ಹೇಂಗೆ ಕಿರ್ರ್ ಹೇಳ್ತು, ಕೈ ಹೇಂಗೆ ಸೋಲ್ತು! ಒಂದು ಸಕ್ಕಣ ನೀರು ಬಿಟ್ಟಪ್ಪಗ ಅದೇ ಗುಂಡುಕಲ್ಲು ಹಗುರ ಆವ್ತಿಲ್ಲೆಯಾ? ಅದೇ ಲೆಕ್ಕ. ಹಾಂಗಾಗಿ ದೋಣಿಯ ನೀರಿಂದ ಮೇಲೆ ಎತ್ತಿ ಮಡಗಿಪ್ಪಗ ಎಂಜಿನಿಲಿ ಶಾಫ್ಟಿನ ತಿರುಗುಸಲೇ ಆಗ. ಒಣ ರಬ್ಬರು ರಜ ಹೊತ್ತಿಲಿಯೇ ಕರಂಚುತ್ತು.

ನೀರಿನ ಎಣ್ಣೆಯ ಹಾಂಗೆ ಬಳಸುವ ಬುದ್ಧಿ ಹೊಸತ್ತಲ್ಲ. ಉಗಿ ಹಡಗಿಂಗೆ ಪ್ರೊಪೆಲ್ಲರು ಬಂದ ಸುರುವಿಲಿ ಶಾಫ್ಟಿಂಗೆ ಹಿತ್ತಾಳೆ ಬುಶ್ಶು ಹಾಕಿಯೊಂಡಿತ್ತಿದ್ದವು, ಅದು ಬೇಗ ಬೇಗ ಸವದು ಹೋಕು. 1850ರ ದಶಕಲ್ಲಿ ಇಂಗ್ಲೆಂಡಿನ ಜಾನ್ ಪೆನ್ ಹೇಳ್ತ ಎಂಜಿನಿಯರು ಅದರ ಬದಲು ಮರದ ಪಟ್ಟಿ ಹಾಕಿದ. ಲಿಗ್ನಮ್ ವಿಟೇ ಹೇಳ್ತ ಮರ, ಕೆರಿಬಿಯನ್ ಹೊಡೆಲಿ ಬೆಳವದು. ನೀರಿಂಗೆ ಹಾಕಿರೆ ಮುಳುಗುವಷ್ಟು ಗಟ್ಟಿ, ಮರದೊಳವೇ ಮೇಣದ ಹಾಂಗಿಪ್ಪ ಅಂಟು. ಮರ, ನೀರು ಎರಡೂ ಸೇರಿಯಪ್ಪಗ ಶಾಫ್ಟು ಸವೆಯದ್ದೆ ತಿರುಗಿತ್ತು. ಎಷ್ಟೋ ಕಾಲ ದೊಡ್ಡ ದೊಡ್ಡ ಹಡಗಿಲಿ ಆ ಮರವೇ ಇದ್ದತ್ತು, ರಬ್ಬರು ಬಂದದು ಮತ್ತೆ.

ಒಳಾಣ ಗ್ಲೇಂಡಿಂಗೆ ಮಾಂತ್ರ ನೀರೂ ಬೇಕು, ಗ್ರೀಸೂ ಬೇಕು. ಎಂಗಳ ದೋಣಿಲಿ ಅದಕ್ಕೆ ಒಂದು ಗ್ರೀಸ್ ಕಪ್ಪು ಇದ್ದು, ಕುಂಕುಮದ ಭರಣಿಯಷ್ಟು ದೊಡ್ಡ. ಎಂಜಿನು ಓಡ್ಸಿ ಮುಗುದ ಮೇಲೆ ಅದರ ಮುಚ್ಚಲಿನ ಒಂದು ಸುತ್ತು ತಿರ್ಪೆಕ್ಕು. ರಜ ಗ್ರೀಸು ದಾರದ ನೆಡುವಂಗೆ ಇಳಿತ್ತು, ಇರುಳು ಹನಿ ನಿಲ್ಲುತ್ತು. ಉದ್ದ ದಾರಿ ಎಂಜಿನಿಲಿಯೇ ಹೋವ್ತರೆ ಕೆಲವು ಗಂಟಗೆ ಒಂದರಿ ತಿರ್ಪುದು. ನೀರಿಲಿ ತೊಳದು ಹೋಗದ್ದ ಜಾತಿಯ ಗ್ರೀಸೇ ಆಯೆಕ್ಕು. ಒಳ್ಳೆದು ಹೇಳಿ ಹೆಚ್ಚು ತುಂಬುಸಲೂ ಆಗ, ಅದು ಹೆರಾಣ ಬುಶ್ಶಿನ ಗೀರಿಂಗೆ ಹೋಗಿ ಕೂದರೆ ನೀರಿನ ದಾರಿ ಕಟ್ಟುತ್ತು. ಮತ್ತೆ ಒಂದು: ಗ್ರೀಸು ಜಾರುಸುತ್ತು ಅಷ್ಟೆ, ಬೆಶಿಯ ಹೆರ ತೆಕ್ಕೊಂಡು ಹೋವ್ತಿಲ್ಲೆ. ಅದು ನೀರಿನ ಹನಿಯ ಕೆಲಸ.

ಹಾಂಗಾರೆ ಹನಿ ಎಷ್ಟು ಬೇಕು? ಇದರ ಎನಗೆ ಹೇಳಿಕೊಟ್ಟದು ಎಂಗಳ ಹತ್ತರಾಣ ದೋಣಿಯ ಒಬ್ಬ ಅಜ್ಜಿ. ಗೆಂಡ ತೀರಿಹೋದ ಮೇಲೂ ದೋಣಿಯ ಮಾರದ್ದೆ ಒಬ್ಬನೇ ನೋಡಿಗೊಂಡಿತ್ತಿದ್ದವು. ಅವರ ಲೆಕ್ಕ ಇಷ್ಟೆ: ಎಂಜಿನು ನಿಂದಿಪ್ಪಗ ಹನಿ ಇಲ್ಲೆ, ಇದ್ದರೂ ಅಪರೂಪಕ್ಕೆ ಒಂದು. ಓಡುವಗ ನಿಮಿಷಕ್ಕೆ ಎರಡು ಮೂರು. ಗ್ಲೇಂಡಿನ ಮೈ ಮುಟ್ಟಿರೆ ತಣ್ಣಂಗೆ ಇರೆಕ್ಕು, ಹೆಚ್ಚು ಹೇಳಿರೆ ಉಗುರು ಬೆಶಿ. ಕೈ ಮಡುಗುಲೆ ಎಡಿಯದ್ದಷ್ಟು ಬೆಶಿ ಆದರೆ ಬಿಗಿ ಹೆಚ್ಚಾಯಿದು. ಸುರು ಸುರುವಿಂಗೆ ಅವು ಎನ್ನ ಕೈ ಹಿಡುದು ಅವರ ದೋಣಿಯ ಗ್ಲೇಂಡಿನ ಮೇಲೆ ಮಡಗಿ ತೋರ್ಸಿದವು, ಪಾಕ ಆತಾ ಹೇಳಿ ಬೆರಳಿಲಿ ನೋಡ್ಲೆ ದೊಡ್ಡಮ್ಮ ಕಲುಶಿದ ಹಾಂಗೆ.

ಈ ಹನಿಯ ಲೆಕ್ಕ ಹಾಕಿ ನೋಡಿರೆ ಹೆದರಿಕೆ ಹೋವ್ತು. ಇಪ್ಪತ್ತು ಹನಿಗೆ ಹೆಚ್ಚುಕಮ್ಮಿ ಒಂದು ಮಿಲಿ. ನಿಮಿಷಕ್ಕೆ ಮೂರು ಹನಿ ಹೇಳಿರೆ ಗಂಟಗೆ 180 ಹನಿ, 9 ಮಿಲಿ. ಎರಡು ಟೀ ಚಮಚವೂ ತುಂಬ. ಒಂದು ದಿನ ಇಡೀ ಓಡ್ಸಿರೂ ಒಂದು ಗ್ಲಾಸು ನೀರು. ಅದೇ ಸೆಕೆಂಡಿಂಗೆ ಒಂದು ಹನಿ ಬಿದ್ದರೆ ದಿನಕ್ಕೆ ನಾಲ್ಕು ಲೀಟರಿಂದ ಹೆಚ್ಚು. ಹನಿ ಹೋಗಿ ಧಾರೆ ಆದರೆ ಲೆಕ್ಕವೇ ಬೇರೆ. ದೋಣಿಯ ಹೊಟ್ಟೆಲಿ ನೀರು ಎತ್ತುವ ಸಣ್ಣ ಪಂಪು ಇದ್ದು, ನೀರು ಏರಿಯಪ್ಪಗ ತನ್ನಷ್ಟಕೇ ಓಡ್ತು. ಆದರೆ ಅದು ಬೇಟರಿಲಿ ಓಡುದು. ಬೇಟರಿ ಮುಗುದರೆ ಪಂಪೂ ನಿಂದತ್ತು. ಎಷ್ಟೋ ದೋಣಿಗೊ ನೆಡು ಸಮುದ್ರಲ್ಲಿ ಅಲ್ಲ, ದಕ್ಕೆಲಿ ಕಟ್ಟಿದಲ್ಲಿಯೇ ಮುಳುಗುದು ಹೀಂಗೆ.

ಆರು ವರ್ಷ ಹಿಂದೆ ಇವಕ್ಕೆ ಬೆನ್ನಿನ ಆಪರೇಶನ್ ಆತು. ಎಂಜಿನಿನ ಪೆಟ್ಟಿಗೆಯೊಳಂಗೆ ಬಗ್ಗಲೆ ಎಡಿಯ. ಹಾಂಗಾಗಿ ಆ ವರ್ಷ ದೋಣಿಯ ಕೆಲಸವ ಒಂದು ಕಡೆ ಕೊಟ್ಟೆಯೊ. ಹೆಸರು ಬೇಡ. ಕೆಲಸ ಮುಗುಶಿ ಕೊಡುವಗ ಅವ ಭಾರೀ ಕೊಶಿಲಿ ಹೇಳಿದ, "ಇನ್ನು ಒಂದೇ ಒಂದು ಹನಿ ಬಾರ. ನಿನಗೆ ಅಡಿ ಉದ್ದುವ ಕೆಲಸ ತಪ್ಪಿತ್ತು" ಹೇಳಿ. "ಓಡುವಗ ರಜ ಬೀಳೆಡದಾ?" ಹೇಳಿ ಕೇಳಿದೆ. ಪ್ರಶ್ನೆ ಎನ್ನದು, ಉತ್ತರ ಕೊಟ್ಟದು ಇವಕ್ಕೆ: "ಹೊಸ ದಾರಕ್ಕೆ ಅದೆಲ್ಲ ಬೇಡ." ಹನಿ ತುಂಬಾ ಕಮ್ಮಿ ಸಾಕಪ್ಪ ದಾರವೂ ಈಗ ಬೈಂದು, ಅದು ಅಪ್ಪು. ಆದರೆ ಅವ ಹಾಕಿದ್ದು ಹಳೆ ನಮುನೆಯ ಮೇಣದ ದಾರವನ್ನೇ. ನಟ್ಟಿನ ಮಾಂತ್ರ ಬಲ ಇದ್ದಷ್ಟೂ ಬಿಗಿ ಮಾಡಿದ್ದ.

ಮರುವಾರ ಕವಾವು ದ್ವೀಪಕ್ಕೆ ಹೆರಟೆಯೊ. ಆಕ್ಲೆಂಡಿಂದ ಬಡಗ ಹೊಡೆಂಗೆ ಸುಮಾರು 50 ಕಿಲೋಮೀಟರ್. ಮಗಳೂ ಇತ್ತು, ಅಂಬಗ ಅದಕ್ಕೆ ಹದಿನಾರು ವರ್ಷ. ರಂಗಿತೋತೊ ಗುಡ್ಡೆ ದಾಂಟುವನ್ನಾರ ಒಳ್ಳೆ ಗಾಳಿ, ಹಾಯಿಲಿಯೇ ಹೋದೆಯೊ. ಮತ್ತೆ ಗಾಳಿ ಬಿದ್ದತ್ತು, ನೀರು ಎಣ್ಣೆ ಚೆಲ್ಲಿದ ಹಾಂಗೆ. ಎಂಜಿನು ಹಾಕಿದೆಯೊ. ಅರ್ಧ ಗಂಟೆ ಅಪ್ಪಗ ಆನು ಮೆಟ್ಲು ತೆಗದು ಒಳ ನೋಡಿದೆ. ಹನಿ ಒಂದೂ ಇಲ್ಲೆ. ಗ್ಲೇಂಡಿನ ಕರೆಂಗೆ ಬೆರಳಿನ ಕೊಡಿ ತಾಗ್ಸಿದೆ, ಕೂಡ್ಲೆ ಹಿಂದೆ ಎಳದೆ. ಕಾದ ದೋಸೆ ಕಾವಲಿ! ಮೇಣ ಕರಂಚಿದ ವಾಸನೆ ಮೂಗಿಂಗೆ ಬಡುದತ್ತು. "ಎಂಜಿನು ನಿಲ್ಸಿ" ಹೇಳಿ ಬೊಬ್ಬೆ ಹಾಕಿದೆ.

ಇಷ್ಟು ಹೆದರುಲೆ ಎಂತ ಇದ್ದು ಹೇಳಿ ನಿಂಗೊ ಕೇಳುಗು. ಎಂಗಳ ದೋಣಿಯ ಹಾಂಗಿಪ್ಪದರಲ್ಲಿ ಗ್ಲೇಂಡು ಸೀದಾ ದೋಣಿಯ ಮೈಗೆ ಕೂದೊಂಡಿಲ್ಲೆ. ನೆಡುಕೆ ಒಂದು ದಪ್ಪ ರಬ್ಬರು ಪೈಪು ಇದ್ದು, ಎರಡೂ ಕೊಡಿಲಿ ಕ್ಲಿಪ್ಪು. ದಾರ ಬೆಶಿ ಆಗಿ ಶಾಫ್ಟಿನ ಕಚ್ಚಿ ಹಿಡುದರೆ ಗ್ಲೇಂಡೂ ಶಾಫ್ಟಿನೊಟ್ಟಿಂಗೆ ತಿರುಗುಲೆ ನೋಡ್ತು, ರಬ್ಬರು ಪೈಪು ತಿರುಚಿ ಹರಿತ್ತು. ಮತ್ತೆ ಬಪ್ಪದು ಹನಿ ಅಲ್ಲ, ಸಮುದ್ರ. ಇವಕ್ಕೆ ಬಗ್ಗಲೆ ಎಡಿಯ, ಕರೆ ಕಾಂಬಷ್ಟು ಹತ್ತರೆ ಇಲ್ಲೆ, ಕೂಸು ಒಟ್ಟಿಂಗೆ ಇದ್ದು.

ಶಬ್ದ ನಿಂದತ್ತು, ದೋಣಿ ಅಲ್ಲಿಯೇ ತೇಲಿಗೊಂಡು ಕೂದತ್ತು. ಎಂಗೊ ತಣ್ಣೀರು ಎರದ್ದಿಲ್ಲೆ. ಚೆಂಡಿ ಬೈರಾಸು ಸುತ್ತಿ ಕಾದೆಯೊ. ಮುಟ್ಟುಲೆ ಎಡಿಗಪ್ಪಗ ಇವು ಬೆಂಚಿಲಿ ಅಡ್ಡ ಬಿದ್ದೊಂಡು ಹೇಳಿದವು, ಮಗಳು ಟಾರ್ಚು ಹಿಡುದತ್ತು, ಆನು ಚೆಕ್ ನಟ್ಟು ಸಡಿಲ ಮಾಡಿ ಗ್ಲೇಂಡಿನ ದೊಡ್ಡ ನಟ್ಟಿನ ರಜ ರಜವೇ ಹಿಂದೆ ತಿರ್ಪಿದೆ. ಕಾಲು ಸುತ್ತಿಂಗೆ ಎಂತದೂ ಇಲ್ಲೆ. ಅರ್ಧ ಸುತ್ತಿಂಗೂ ಇಲ್ಲೆ. ಮುಕ್ಕಾಲು ಸುತ್ತಪ್ಪಗ ಒಂದು ಹನಿ ಮೂಡಿತ್ತು, ನೇತತ್ತು, ಬಿದ್ದತ್ತು. ಮೂರೂ ಜೆನ ಅದನ್ನೇ ನೋಡಿಗೊಂಡಿತ್ತಿದ್ದೆಯೊ. ಮತ್ತೆ ಮೆಲ್ಲಂಗೆ, ಹತ್ತು ಹತ್ತು ನಿಮಿಷಕ್ಕೆ ಒಂದರಿ ಕೈ ಮಡಗಿ ಹನಿ ಎಣುಶಿಗೊಂಡು, ಕಸ್ತಲಪ್ಪಗ ಹತ್ತರಾಣ ಒಂದು ಕೊಲ್ಲಿಗೆ ಎತ್ತಿದೆಯೊ. ಇರುಳು ಎರಡು ಸರ್ತಿ ಎದ್ದು ನೋಡಿದೆ. ನಿಂದಿಪ್ಪಗಳೂ ಹನಿ ಬಿದ್ದೊಂಡೇ ಇತ್ತು. ದಾರ ಒಣಗಿ ಗಟ್ಟಿ ಆಯಿದು ಹೇಳಿ ಗೊಂತಾತು. ಮರುದಿನ ಗಾಳಿ ಬಂತು, ಹಾಯಿಲಿಯೇ ಮನೆಗೆ ಬಂದೆಯೊ.

ದೋಣಿಯ ಎತ್ತಿ ಶಾಫ್ಟು ಎಳದು ನೋಡಿರೆ, ದಾರ ಕೂದ ಜಾಗೆಲಿ ಸುತ್ತ ಎರಡು ಗೀರು, ಉಗುರು ಸಿಕ್ಕುವಷ್ಟು ಹೊಂಡ. ಹೊಂಡ ಬಿದ್ದ ಶಾಫ್ಟಿಂಗೆ ಎಷ್ಟು ಹೊಸ ದಾರ ಹಾಕಿರೂ ನೀರು ನಿಲ್ಲ, ನಿಲ್ಸುಲೆ ಹೇಳಿ ಬಿಗಿ ಮಾಡಿರೆ ಹೊಂಡ ಮತ್ತೂ ದೊಡ್ಡ ಆವ್ತು. ಹೊಸ ಶಾಫ್ಟು, ಹೊಸ ಬುಶ್ಶು, ಹೊಸ ರಬ್ಬರು ಪೈಪು, ದೋಣಿ ಎತ್ತಿದ್ದು ಇಳಿಶಿದ್ದು, ಎಲ್ಲ ಎಂಗಳ ಕೈಂದಲೇ. ಕೆಲಸ ಮಾಡಿದವು, "ಹನಿ ನಿಲ್ಸಿ ಕೊಟ್ಟಿದೆಯೊ, ಮತ್ತೆಂತ ಬೇಕು?" ಹೇಳಿ ಕೈ ತೊಳಕ್ಕೊಂಡವು. ತಮ್ಮನ ಮಗನ ಉಪನಯನಕ್ಕೆ ಮೂರು ಜೆನವೂ ಬತ್ತೆಯೊ ಹೇಳಿ ಮಡಗಿದ ಪೈಸೆ ಅದು. ಬಂದದು ಆನೊಬ್ಬಳೇ. ಇವು ಎಂತಕೆ ಬೈಂದವಿಲ್ಲೆ ಹೇಳಿ ಚೆಪ್ಪರದ ಅಡಿಲಿ ಕೇಳಿದವಕ್ಕೆಲ್ಲ ಇದುವೇ ಉತ್ತರ. ಆ ಗೌಜಿಲಿ ನಿಂದೊಂಡು ಗ್ಲೇಂಡಿನ ಕತೆ ಹೇಳ್ಲೆ ಎಡಿತ್ತಾ ಹೇಳಿ.

ಅಲ್ಲಿಂದ ಮತ್ತೆ ಈ ಕೆಲಸ ಎನ್ನದೇ. ಎರಡು ವರ್ಷಕ್ಕೆ ಒಂದರಿ ದೋಣಿಯ ಮೇಲೆ ಎತ್ತಿಪ್ಪಗ ದಾರ ಬದಲುಸುತ್ತೆ. ಚೆಕ್ ನಟ್ಟು, ದೊಡ್ಡ ನಟ್ಟು ಎರಡನ್ನೂ ಸಡಿಲ ಮಾಡಿ ಹಿಂದೆ ಸರ್ಸುದು. ಕೊಕ್ಕೆಲಿ ಹಳೆ ದಾರದ ಉಂಗುರಂಗಳ ಒಂದೊಂದೇ ಎಳದು ತೆಗವದು. ಎಲ್ಲ ತೆಗೆಯೆಕ್ಕು, ಅಡಿಲಿ ಒಂದು ಕೂದರೂ ಹೊಸತ್ತು ಸರಿ ಕೂರ. ಎಂಗಳದ್ದರಲ್ಲಿ ನಾಲ್ಕು. ಅದೇ ದಪ್ಪದ ಹೊಸ ದಾರವ ಶಾಫ್ಟಿಂಗೆ ಸುತ್ತಿ ಓರೆಗೆ ತುಂಡುಸುದು, ಎರಡೂ ಕೊಡಿ ಸಂದಿ ಇಲ್ಲದ್ದೆ ಕೂಡೆಕ್ಕು. ಗ್ರೀಸು ಉದ್ದಿ ಒಂದೊಂದೇ ಉಂಗುರವ ಒಳ ದೂಡುದು. ಒಂದರ ಸೇರಿಕೆ ಮೇಲೆ ಬಂದರೆ ಮತ್ತಾಣದ್ದು ಕೆಳ. ಮುರಕಲ್ಲು ಕಟ್ಟುವಗ ಸಂದಿಯ ಮೇಲೆ ಸಂದಿ ಬಪ್ಪಲೆ ಬಿಡ್ತವಿಲ್ಲೆ ಅಲ್ಲದಾ, ಹಾಂಗೆ. ಮತ್ತೆ ದೊಡ್ಡ ನಟ್ಟಿನ ಕೈಲಿ ಎಡಿಗಾದಷ್ಟು ಮಾಂತ್ರ ತಿರ್ಪಿ ಬಿಡುದು.

ದೋಣಿಯ ನೀರಿಂಗೆ ಇಳಿಶಿಯಪ್ಪಗ ಕ್ರೇನಿನ ಪಟ್ಟಿ ಬಿಡೆಕ್ಕಾದರೆ ಮದಲು ಒಳ ಹೋಗಿ ಗ್ಲೇಂಡಿನ ನೋಡೆಕ್ಕು. ನೀರು ಜಾಸ್ತಿ ಬಂದರೆ ಕೂಡ್ಲೆ ಪುನಃ ಎತ್ತುಲಕ್ಕು. ಮತ್ತೆ ದಕ್ಕೆಗೆ ಗಟ್ಟಿ ಕಟ್ಟಿ, ಗೇರು ಹಾಕಿ ಎಂಜಿನು ಓಡ್ಸುದು. ಸುರುವಿಂಗೆ ಹನಿ ಬೇಗ ಬೇಗ ಬೀಳ್ತು, ಅದು ಸರಿಯೇ. ಎಂಜಿನು ನಿಲ್ಸಿ, ನಟ್ಟಿನ ಒಂದು ರಜ ತಿರ್ಪಿ, ಪುನಃ ಓಡ್ಸಿ, ಹತ್ತು ನಿಮಿಷ ಕಾದು, ಹನಿ ಎಣುಶಿ, ಕೈ ಮಡಗಿ ನೋಡಿ, ಬೇಕಾರೆ ಮತ್ತೊಂದು ರಜ. ಅಂಬೆರ್ಪು ಮಾಡ್ಲೇ ಆಗ. ದಾರ ಒತ್ತಿ ಕೂಪಲೆ ಹೊತ್ತು ಬೇಕು. ಅಖೇರಿಗೆ ಚೆಕ್ ನಟ್ಟು ಗಟ್ಟಿ ಮಾಡ್ಲೆ ಮರವಲಾಗ, ಅದು ಸಡಿಲ ಇದ್ದರೆ ದೊಡ್ಡ ನಟ್ಟು ನಡುಕಕ್ಕೆ ತನ್ನಷ್ಟಕೇ ಬಿಡಿತ್ತು.

ಹೆಮ್ಮಕ್ಕೊಗೆ ಒಂದು ಮಾತು ಬೇರೆಯೇ ಹೇಳೆಕ್ಕು, ದೋಣಿಲಿ ಆದರೂ ತೋಟದ ಪಂಪಿಲಿ ಆದರೂ. ಕೈ ಮಡುಗುದು ತಿರುಗದ್ದ ಗ್ಲೇಂಡಿನ ಮೈಗೆ, ತಿರುಗುತ್ತ ಶಾಫ್ಟಿಂಗೆ ಅಲ್ಲ. ಜೆಡೆಯ ಎತ್ತಿ ಕಟ್ಟಿ. ಸೆರಗು, ಶಾಲು ಹೆರ ಮಡಗಿ. ಬಳೆ, ಉಂಗಿಲ ತೆಗದು ಹೋಗಿ. ಸೆಕೆಂಡಿಂಗೆ ಇಪ್ಪತ್ತು ಸುತ್ತು ತಿರುಗುತ್ತ ಸರಳು ಒಂದು ನೂಲು ಸಿಕ್ಕಿರೂ ಎಳಕ್ಕೊಂಡು ಹೋವ್ತು. ಧೈರ್ಯ ಇಲ್ಲದ್ದವು ಎಂಜಿನು ನಿಲ್ಸಿದ ಕೂಡ್ಲೆ ಮುಟ್ಟಿ ನೋಡಿರೂ ಸಾಕು.

ಓಡ್ಸದ್ದೆ ಬಿಟ್ಟರೂ ಶಾಫ್ಟು ಹಾಳಾವ್ತು, ಇದು ಎನಗೆ ಆಶ್ಚರ್ಯ ಆದ ಸಂಗತಿ. ಸ್ಟೀಲಿನ ಮೇಲೆ ಕಣ್ಣಿಂಗೆ ಕಾಣದ್ದ ಒಂದು ಪೊರೆ ಇದ್ದು, ಅದುವೇ ತುಕ್ಕು ಹಿಡಿಯದ್ದ ಹಾಂಗೆ ಕಾವದು. ಆ ಪೊರೆ ಒಳಿಯೆಕ್ಕಾದರೆ ಆಮ್ಲಜನಕ ಬೇಕು. ದಾರದ ಅಡಿಲಿ ಉಪ್ಪುನೀರು ತಿಂಗಳುಗಟ್ಲೆ ಕೊಳದು ನಿಂದರೆ ಆಮ್ಲಜನಕ ಮುಗಿತ್ತು, ಪೊರೆ ಹೋವ್ತು, ಸಣ್ಣ ಸಣ್ಣ ಹೊಂಡ ಬೀಳ್ತು. ಉಪ್ಪಿಲಿ ಹಾಕಿದ ಮಾವಿನಮೆಡಿಯ ಸ್ಟೀಲು ಪಾತ್ರಲ್ಲಿ ಮಡಗಿರೆ ಅಡಿಲಿ ಚುಕ್ಕೆ ಚುಕ್ಕೆ ಬೀಳ್ತಲ್ಲದಾ, ಅದಕ್ಕೇ ಭರಣಿಯೇ ಆಯೆಕ್ಕು ಹೇಳುದು. ಹಾಂಗಾಗಿ ಚಳಿಗಾಲಲ್ಲಿಯೂ ಎರಡು ವಾರಕ್ಕೆ ಒಂದರಿ ಹೋಗಿ, ಗೇರು ಹಾಕಿ ರಜ ಹೊತ್ತು ಓಡ್ಸಿ ಬತ್ತೆ, ದಾರದ ಅಡಿಯಾಣ ನೀರು ಹೊಸತ್ತಾಗಲಿ ಹೇಳಿ.

ಶಾಫ್ಟಿನ ಹೆರಾಣ ಹೊಡೆಲಿ ಸತುವಿನ ಒಂದು ಗುಂಡು ಕಟ್ಟಿಯೂ ಮಡುಗುತ್ತೆಯೊ. ಉಪ್ಪುನೀರಿಲಿ ಎರಡು ಜಾತಿಯ ಲೋಹ ಒಟ್ಟಿಂಗೆ ಇದ್ದರೆ ಒಂದು ಇನ್ನೊಂದಕ್ಕೆ ಬೇಕಾಗಿ ಕರಗುತ್ತು. ಸತು ಎಲ್ಲದರಿಂದ ಮದಲು ಕರಗುತ್ತು, ಪ್ರೊಪೆಲ್ಲರೂ ಶಾಫ್ಟೂ ಒಳಿತ್ತು. ಅರ್ಧ ಸವದಪ್ಪಗ ಹೊಸತ್ತು ಕಟ್ಟುದು. ದೋಣಿ ಮೇಲೆ ಇಪ್ಪಗಳೇ ಪ್ರೊಪೆಲ್ಲರಿನ ಎರಡೂ ಕೈಲಿ ಹಿಡುದು ಮೇಲೆ ಕೆಳ, ಆಚ ಈಚ ಆಡ್ಸಿ ನೋಡುದು. ಟಕ್ ಟಕ್ ಹೇಳಿ ಅಲ್ಲಾಡಿರೆ ರಬ್ಬರು ಬುಶ್ಶು ಸವದ್ದು ಹೇಳಿ ಲೆಕ್ಕ. ಬುಶ್ಶು ಸವದರೆ ಶಾಫ್ಟು ಕುಣಿತ್ತು, ಶಾಫ್ಟು ಕುಣುದರೆ ಯೇವ ದಾರವೂ ನೀರಿನ ಹಿಡಿಯ.

ಹನಿಯೇ ಬೀಳದ್ದ ಸೀಲು ಬೈಂದಿಲ್ಲೆಯಾ ಹೇಳಿ ತಮ್ಮ ಕೇಳಿದ. ಬೈಂದು. ಕಾರ್ಬನಿನ ಒಂದು ಬಳೆ, ಸ್ಟೀಲಿನ ಒಂದು ಬಳೆ, ಮೋರೆಗೆ ಮೋರೆ ಒತ್ತಿಗೊಂಡು ತಿರುಗುತ್ತು, ಹಿಂದಂದ ರಬ್ಬರಿನ ಒಂದು ಚೀಲ ಒತ್ತಿ ಹಿಡಿತ್ತು. ಲಾಯಿಕಿದ್ದು, ದೋಣಿಯ ಹೊಟ್ಟೆ ಒಣಗಿಗೊಂಡೇ ಇರ್ತು. ಆದರೆ ಅದಕ್ಕೂ ನೀರು ಬೇಕು. ದೋಣಿ ಇಳಿಶಿದ ಕೂಡ್ಲೆ ಒಳಾಣ ಗಾಳಿಯ ಹೆರ ಹಾಕದ್ದರೆ ಅದೂ ಒಣಗಿ ಹಾಳಾವ್ತು. ರಬ್ಬರಿಂಗೆ ಪ್ರಾಯ ಆದಪ್ಪಗ ಹೊಸತ್ತು ಹಾಕೆಕ್ಕು, ಅದಕ್ಕೆ ಶಾಫ್ಟಿನ ಬಿಡಿಶೆಕ್ಕು. ಎನಗೆ ದಾರವೇ ಸಾಕು. ಅದು ಹಾಳಪ್ಪ ಮದಲು ಹನಿ ಹೆಚ್ಚು ಮಾಡಿ ಹೇಳ್ತು, ಒಂದು ಸ್ಪಾನರಿಲಿ ಸರಿ ಮಾಡ್ಲೆ ಎಡಿತ್ತು.

ಈಗ ಮಗಳಿಂಗೆ ಇಪ್ಪತ್ತೆರಡು. ಬಪ್ಪ ತಿಂಗಳು ಅದುದೇ ಇಬ್ರು ಗೆಳತಿಯರುದೇ ದೋಣಿಯ ತೆಕ್ಕೊಂಡು ಗ್ರೇಟ್ ಬ್ಯಾರಿಯರ್ ದ್ವೀಪಕ್ಕೆ ಹೋವ್ತವು, ಸುಮಾರು 90 ಕಿಲೋಮೀಟರ್ ದಾರಿ. ಇವಕ್ಕೆ ಒರಕ್ಕು ಬತ್ತಿಲ್ಲೆ. ಎನಗೆ ಹೆದರಿಕೆ ಇಲ್ಲೆ ಹೇಳಿ ಹೇಳ್ತಿಲ್ಲೆ. ಆದರೆ ಕಳುದ ಆದಿತ್ಯವಾರ ಅದರ ಒಬ್ಬನನ್ನೇ ಎಂಜಿನಿನ ಹತ್ತರೆ ಬಿಟ್ಟು ಆನು ದಕ್ಕೆಲಿ ನಿಂದೆ. ದಾರ ಬದಲುಸಿದ್ದು ಅದುವೇ, ನಟ್ಟು ತಿರ್ಪಿದ್ದು ಅದುವೇ. ಒಂದು ಗಂಟೆ ಕಳುದು ತಲೆ ಹೆರ ಹಾಕಿತ್ತು, ಮೋರೆಲಿ ಪೂರ ಗ್ರೀಸು. "ಅಬ್ಬೇ, ನಿಮಿಷಕ್ಕೆ ಮೂರು. ತಣ್ಣಂಗಿದ್ದು." ಗೆಳತಿಯರಿಂಗೂ ಕೈ ಮಡಗಿ ನೋಡ್ಲೆ ಕಲುಶೆಕ್ಕು ಹೇಳಿದ್ದೆ, ಒಬ್ಬ ಒರಗಿಪ್ಪಗ ಇನ್ನೊಬ್ಬಂಗೆ ಗೊಂತಿರೆಕ್ಕನ್ನೆ.

ಅತ್ತೆ, ಹಾಂಗಾಗಿ ಆ ಒಟ್ಟೆಯ ಮುಚ್ಚುಸಲೆ ಇಲ್ಲೆ. ಇನ್ನಾಣ ಸರ್ತಿ ಫೋನು ಮಾಡುವಗ "ದೋಣಿಗೆ ನೀರು ಬತ್ತಾ?" ಹೇಳಿ ಕೇಳೆಡಿ, "ನಿಮಿಷಕ್ಕೆ ಎಷ್ಟು ಹನಿ?" ಹೇಳಿ ಕೇಳಿ. ಮೂರು ಹೇಳಿರೆ ಎಲ್ಲ ಸೌಖ್ಯ. ಮತ್ತೆ ನಿಂಗಳ ಮನೆಯ ಪಂಪಿನ ಬುಡಲ್ಲಿ ಹನಿ ಬೀಳ್ತರೆ ಸ್ಪಾನರು ಹಿಡಿವ ಮದಲು ಒಂದರಿ ಮುಟ್ಟಿ ನೋಡಿ. ಸೆರಗು ಕಟ್ಟಿಗೊಂಡು.